ಬೀಗರ ವ್ಯಾನಿನಲ್ಲಿ

ಬೀಗರು ಮತ್ತೆ ವಾಂತಿ ಮಾಡಿಕೊಂಡರು. ಈ ಸಲ ಕಿಟಕಿಯವರೆಗೆ ಮುಖ ಒಯ್ಯುವಷ್ಟೂ ಪುರುಸೊತ್ತು ಸಿಗಲಿಲ್ಲ. ಅರ್ಧ ಹೊರಗೆ ಬಿತ್ತು, ಅರ್ಧ ವೆಂಕಟಸ್ವಾಮಿಯ ಪ್ಯಾಂಟಿನ ಮೇಲೆ. ಬೆಳಿಗ್ಗೆ ಊಟಿಯ ಹೋಟೆಲಿನಲ್ಲಿ ತಿಂದ ಪೂರಿ, ಸಾಗು, ಆಮೇಲೆ ಬಸ್ ಸ್ಟ್ಯಾಂಡಿನ ಪಕ್ಕ ಬೇಡಬೇಡವೆಂದರೂ ತಿಂದ ಬೋಂಡ, ಎಲ್ಲ ಗುರುತು ಹಿಡಿಯುವ ಹಾಗಿತ್ತು. "ಪರವಾಗಿಲ್ಲ ಬಿಡಿ ಬೀಗರೆ, ಎಲ್ಲಾ ಈಚೆ ಬಂದ್ಬಿಟ್ರೆ ಹಗುರಾಗುತ್ತೆ," ಅಂದ ವೆಂಕಟಸ್ವಾಮಿ. ಅನ್ನುತ್ತಲೇ ಚಿಕ್ಕಬೈರಪ್ಪನವರ ಅಗಲವಾದ ಬೆನ್ನನ್ನು ಮೇಲಿಂದ ಕೆಳಕ್ಕೆ ಸವರತೊಡಗಿದ. ರೇಷ್ಮೆ ಜುಬ್ಬದೊಳಗೆ ಬೆವರಿ ಜಿಗುಟಾಗಿದ್ದ ಬೆನ್ನು. ತನ್ನ ಸ್ವಂತ ಅಪ್ಪ ಉಬ್ಬಸದಲ್ಲಿ ಒದ್ದಾಡುವಾಗ ಕೂಡ ಹೀಗೆ ಸವರಿರಲಿಲ್ಲ ಎಂದು ನೆನಪಾಗಿ ಅವನಿಗೆ ಬಾಯೆಲ್ಲ ಹುಳಿಯಾಯಿತು. ಹೆಣ್ಣು ಕೊಟ್ಟವನ ಕೈ ಎಲ್ಲೆಲ್ಲಿಗೆ ಹೋಗುತ್ತದಪ್ಪ ಅಂದುಕೊಂಡ. ಕರ್ಚೀಫು ತೆಗೆದು ಮೊದಲು ಬೀಗರ ಮೀಸೆ ಒರೆಸಿ, ಆಮೇಲೆ ತನ್ನ ಮೊಣಕಾಲು ಒರೆಸಿಕೊಂಡ. ಆ ಕ್ರಮವನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ತಾನಾಗೇ ಹಾಗೆ ಮಾಡಿತು.

ವ್ಯಾನು ಒಂದೊಂದೇ ತಿರುವನ್ನು ಮುರಿದುಕೊಂಡು ಇಳಿಯುತ್ತಿತ್ತು. ಪ್ರತಿ ತಿರುವಿಗೂ ಒಂದು ನಂಬರಿನ ಕಲ್ಲು, ಕಲ್ಲಿನಾಚೆ ಮೋಡ, ಮೋಡದ ಸಂದಿಯಲ್ಲಿ ಎಲ್ಲೋ ಕೆಳಗೆ ಕಾಡಿನ ನೆತ್ತಿ. ನೋಡುವವರಿಗೆ ಸ್ವರ್ಗ. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಲಕ್ಷ್ಮಮ್ಮ ಬೀಗಿತ್ತಿ ಮುನಿವೆಂಕಟಮ್ಮನವರಿಗೆ ಅದನ್ನೇ ಹೇಳುತ್ತಿದ್ದಳು, ಸ್ವರ್ಗ ಅಂದ್ರೆ ಇದೇ ಕಣ್ರೀ, ದೇವರು ನಿಮ್ಮ ರೂಪದಲ್ಲಿ ತೋರಿಸ್ದ. ಮುನಿವೆಂಕಟಮ್ಮ ನಿಂಬೆಹಣ್ಣು ಮೂಸುತ್ತ ಹೂಂಗುಟ್ಟುತ್ತಿದ್ದರು. ಮುಂದಿನ ಸೀಟಿನಲ್ಲಿ, ವೆಂಕಟಸ್ವಾಮಿಯ ಕಣ್ಣೆದುರೇ, ಮಗಳು ಸರಸ್ವತಿ ಬಲಗಡೆ ಕಿಟಕಿಗೆ ಒರಗಿ ಕೂತಿದ್ದಳು. ಅವಳ ಎಡಕ್ಕೆ ಗಂಡ ಚಲುವರಾಜು, ಕಿತ್ತಳೆ ಸುಲಿದು ಸಿಪ್ಪೆಯನ್ನು ಕಾಲಬುಡಕ್ಕೇ ಹಾಕುತ್ತಿದ್ದ. ಹಿಂದಿನಿಂದ ವೆಂಕಟಸ್ವಾಮಿಗೆ ಕಾಣುತ್ತಿದ್ದದ್ದು ಮಗಳ ಜಡೆ ಮತ್ತು ಎಡಗಿವಿ. ಆ ಕಿವಿಯನ್ನು ನೋಡಬಾರದೆಂದು ಅವನು ಎರಡು ದಿನದಿಂದ ಹಟ ಹಿಡಿದಿದ್ದ. ಓಲೆ ಇದೆ, ಓಲೆಯ ಹಿಂದೆ ತಿರುಪೂ ಇದೆ, ಎಲ್ಲರ ಕಿವಿಯ ಹಾಗೇ ಇದೆ. ಕೇಳಿಸುವುದಿಲ್ಲ, ಅಷ್ಟೆ. ಯುಗಾದಿಯ ಮಾರನೇ ದಿನ ಚಲುವರಾಜು ಬಾರಿಸಿದ ಏಟಿಗೆ ಒಳಗೇನೋ ಹರಿಯಿತಂತೆ. ಸುದ್ದಗುಂಟೆಪಾಳ್ಯದ ಗಂಡನ ಮನೆಯಿಂದ ತಿಲಕ್ ನಗರದ ತವರಿಗೆ ಅವಳು ನಡೆದೇ ಬಂದಿದ್ದಳು, ಸೆರಗಿನಲ್ಲಿ ಕಿವಿ ಒತ್ತಿಕೊಂಡು. ಅಕ್ಕಪಕ್ಕದವರು ಕೇಳಿದಾಗ ವೆಂಕಟಸ್ವಾಮಿ ಶೀತ ಅಂದಿದ್ದ. ಕಿವಿ ಡಾಕ್ಟರೂ ಏನಾಯ್ತು ಅಂದಾಗ ಅದನ್ನೇ ಅಂದ. ಆತ ಟಾರ್ಚು ಬಿಟ್ಟು ನೋಡಿ ಇವನ ಮುಖ ನೋಡಿದ, ಬರೆಯುತ್ತ ಮತ್ತೊಮ್ಮೆ ನೋಡಿದ. ಇವನು ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತ.

"ಏನ್ ಬೀಗರೆ, ಎಷ್ಟ್ ಜಾಗ ನೋಡಿ ಹಂಗೇ ಬಿದ್ದಿರೋದು," ಅಂದರು ಚಿಕ್ಕಬೈರಪ್ಪ. ಇಳಿಜಾರು ಮುಗಿದು ದಾರಿ ನೇರವಾಗಿತ್ತು, ಅವರ ಹೊಟ್ಟೆಯೂ ನೆಟ್ಟಗಾಗಿತ್ತು. ಎರಡೂ ಕಡೆ ತೇಗ, ಬಿದಿರು, ಒಣಗಿ ಹಳದಿಯಾದ ಹುಲ್ಲು. "ಸರ್ಕಾರದೋರು ಇದನ್ನ ಲೇಔಟ್ ಮಾಡಿದ್ರೆ ಅರ್ಧ ಬೆಂಗಳೂರು ಇಲ್ಲೇ ಹಿಡಿಸ್ತದೆ. ನಮ್ಮ ರಾಗಿ ಹೊಲ ಕಿತ್ಕೊಂಡು ಬಡಾವಣೆ ಮಾಡಿದ್ರು, ಇಲ್ಲಿ ನೋಡಿದ್ರೆ ಜಿಂಕೆಗಳು ಮೇಯ್ತಾ ಕೂತವೆ." ವೆಂಕಟಸ್ವಾಮಿ ನಕ್ಕ. ನಗುವಂಥದ್ದೇನೂ ಇರಲಿಲ್ಲ. ಎರಡು ದಿನದಿಂದ ಅವನ ದವಡೆ ಹೀಗೆ ನಕ್ಕು ನಕ್ಕು ನೋಯುತ್ತಿತ್ತು. ಹೊಲ ಹೋದ ಮೇಲೆ ಉಳಿದ ಜಾಗದಲ್ಲಿ ಸಾಲಾಗಿ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟ ಮನುಷ್ಯ. ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸಿ ಕೊಡುವ ತನ್ನಂಥವನ ಮನೆಗೆ ಹೆಣ್ಣು ಕೇಳಿಕೊಂಡು ಬಂದಾಗ ತಿಲಕ್ ನಗರದ ಆ ಬೀದಿಗೆ ಬೀದಿಯೇ ಬಾಗಿಲಿಗೆ ಬಂದು ನೋಡಿತ್ತು. ಹೋದ ತಿಂಗಳೂ ಹಾಗೇ ಬಂದರು. ಮಂಚದ ಮೇಲೆ ಕಾಲು ಮಡಚಿ ಕೂತು, ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು: ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಎಲ್ಲಾರೂ ಒಂದ್ಸಲ ಊಟಿಗೆ ಹೋಗ್ಬರಾಣ, ವ್ಯಾನ್ ನಾನ್ ಗೊತ್ತುಮಾಡ್ತೀನಿ. ತಣ್ಣಗಿನ ಜಾಗ, ಹುಡುಗ್ರು ಹೊಂದ್ಕೋತಾರೆ. ಬರ್ತಾ ಹಂಗೇ ನಮ್ಮನೇಲಿ ಇಳಿಸ್ಬಿಡಿ ನಿಮ್ ಮಗೀನ. ಮಗೀಗೆ ಈಗ್ಲೇ ಹೇಳಕ್ಕೆ ಹೋಗ್ಬೇಡಿ, ಸುಮ್ಕೆ ರಂಪ.

ಆಗ ತನಗೆ ಏನಾಯಿತು? ಸಿಟ್ಟು ಬರಬೇಕಿತ್ತು. ಕಾಡಿನ ಮರಗಳು ಒಂದೇ ಸಮ ಹಿಂದಕ್ಕೋಡುತ್ತಿರುವುದನ್ನು ನೋಡುತ್ತ ವೆಂಕಟಸ್ವಾಮಿ ಆ ಗಳಿಗೆಯನ್ನು ಮತ್ತೆ ಮತ್ತೆ ಕೆದಕಿದ, ಹುಣ್ಣಿನ ಹಕ್ಕಳೆ ಕಿತ್ತುಕೊಳ್ಳುವವನ ಹಾಗೆ. ಸಿಟ್ಟು ಬರಲಿಲ್ಲ. ಅಬ್ಬ ಅನ್ನಿಸಿತ್ತು. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಗಂಡು ಕಡೆಯವರೇ ಬಂದು ಕರೆದರಲ್ಲ, ಇನ್ನೇನು ಬೇಕು, ಇನ್ನು ಬೀದಿಯಲ್ಲಿ ತಲೆ ಎತ್ತಿಕೊಂಡು ಹಾಲು ತರಲು ಹೋಗಬಹುದು ಅಂತ. ಆ ದಿನ ಅವನು ಒಂದು ಮುದ್ದೆ ಜಾಸ್ತಿಯೇ ಉಂಡಿದ್ದ. ಬಡಿಸುತ್ತಿದ್ದವಳು ಸರಸ್ವತಿ. ಇನ್ನೊಂಚೂರು ಸಾರು ಹಾಕ್ಲಾ ಅಪ್ಪ ಅಂದಳು, ಇವನು ಹಾಕಮ್ಮ ಅಂದ. ಅವಳಿಗೆ ಕೇಳಿಸಲಿಲ್ಲ, ಎಡಗಡೆಯಿಂದ ಅಂದಿದ್ದನಲ್ಲ. ಗಟ್ಟಿಯಾಗಿ ಮತ್ತೆ ಅನ್ನಬೇಕಾಯಿತು. ಆಗಲೂ ಉಣ್ಣುವುದು ನಿಲ್ಲಲಿಲ್ಲ. ಎಂಥಾ ಜನ್ಮ ನನ್ನದು ಅಂದುಕೊಂಡ ವೆಂಕಟಸ್ವಾಮಿ. ಅಂದುಕೊಂಡ ಮಾತಿನಲ್ಲೂ ಒಂದಿಷ್ಟು ಸುಖವಿತ್ತು. ಅದು ಗೊತ್ತಾಗಿ ಇನ್ನಷ್ಟು ಹೇಸಿಗೆಯಾಯಿತು.

ತೆಪ್ಪಕಾಡು ದಾಟಿ ಬಂಡೀಪುರ ಇನ್ನೂ ಸ್ವಲ್ಪ ದೂರವಿದ್ದಾಗ ಡ್ರೈವರು ತಟ್ಟನೆ ಬ್ರೇಕು ಒತ್ತಿದ, ಇಂಜಿನ್ ಆರಿಸಿದ. "ಯಾರೂ ಮಾತಾಡ್ಬೇಡಿ. ಮರಿ ಇದೆ," ಎಂದು ಪಿಸುಗುಟ್ಟಿದ. ರಸ್ತೆಯ ಎಡಪಕ್ಕದಲ್ಲೇ, ಬಿದಿರು ಮೆಳೆಯ ಪಕ್ಕ, ಆನೆಗಳು. ದೊಡ್ಡದೊಂದು ಹೆಣ್ಣಾನೆ ಕಿವಿ ಬೀಸದೆ ನಿಂತು ವ್ಯಾನಿನ ಕಡೆಗೇ ನೋಡುತ್ತಿತ್ತು. ಅದರ ಕಾಲುಗಳ ನಡುವೆ ಮರಿ ಸೊಂಡಿಲಿಂದ ಮಣ್ಣು ಕೆರೆಯುತ್ತಿತ್ತು. ಬೀಗರು ಉಸಿರು ಬಿಗಿಹಿಡಿದರು. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರೂ ಕೈ ಮುಗಿದರು. ಅಷ್ಟು ಮೌನ ವೆಂಕಟಸ್ವಾಮಿ ಬೆಂಗಳೂರಿನಲ್ಲಿ ಎಂದೂ ಕೇಳಿರಲಿಲ್ಲ. ಒಣಹುಲ್ಲಿನ ಮೇಲೆ ಗಾಳಿ ಹಾಯುವ ಸದ್ದು, ಆನೆಯ ಹೊಟ್ಟೆಯೊಳಗಿನ ಗುಡುಗುಡು ಕೂಡ ಕೇಳುತ್ತಿತ್ತು. ಎಲ್ಲರೂ ಎಡಕ್ಕೆ ವಾಲಿದ್ದರು. ಸರಸ್ವತಿ ಮಾತ್ರ ಬಲಗಡೆ ಕಿಟಕಿಯಾಚೆ, ಏನೂ ಇಲ್ಲದ ಹುಲ್ಲನ್ನು ನೋಡುತ್ತ ಕೂತಿದ್ದಳು. ಡ್ರೈವರು ಪಿಸುಗುಟ್ಟಿದ್ದು ಅವಳ ಕಿವಿ ತಲುಪಿರಲಿಲ್ಲವೇನೋ. ಚಲುವರಾಜು ಅವಳ ಕಡೆ ಬಾಗಿ ಏನೋ ಅಂದ, ಎಡಗಿವಿಯಲ್ಲಿ. ಅವಳು ತಿರುಗಲಿಲ್ಲ. ಮತ್ತೆ ಅಂದ, ತುಟಿ ಕಿವಿಗೆ ತಾಗುವಷ್ಟು ಹತ್ತಿರ. ಅವಳು ಹುಲ್ಲನ್ನೇ ನೋಡುತ್ತಿದ್ದಳು. ಆಗ ಅವನ ಕೈ ಸೆರಗಿನಡಿಗೆ ಹೋಗಿ, ತೋಳಿನ ಒಳಭಾಗದ ಮೆತ್ತನೆ ಮಾಂಸವನ್ನು ಹಿಡಿದು, ನಿಧಾನವಾಗಿ ತಿರುಚಿತು. ಸ್ಟೋರ್ಸಿನಲ್ಲಿ ಬಿಗಿಯಾದ ನಟ್ಟನ್ನು ಸಡಿಲಿಸುವಾಗ ಹೀಗೇ ತಿರುಚುವುದು. ವೆಂಕಟಸ್ವಾಮಿ ಪೂರ್ತಿ ನೋಡಿದ. ಆನೆಯನ್ನು ನೋಡದೆ ಅದನ್ನೇ ನೋಡಿದ. ಸರಸ್ವತಿಯ ಬೆನ್ನು ಸೆಟೆಯಿತು, ಬಾಯಿಂದ ಸದ್ದು ಬರಲಿಲ್ಲ. ಅವಳು ಕುತ್ತಿಗೆ ತಿರುಗಿಸಿದಳು. ಗಂಡನ ಕಡೆಗೆ ತಿರುಗುವ ಮುಂಚೆ ಅವಳ ಕಣ್ಣು ಹಿಂದಿನ ಸೀಟಿನ ಅಪ್ಪನ ಕಣ್ಣಿಗೆ ಸಿಕ್ಕಿತು. ಅಪ್ಪ ನೋಡಿದ ಎಂದು ಅವಳಿಗೆ ಗೊತ್ತಾಯಿತು. ಅವಳಿಗೆ ಗೊತ್ತಾಯಿತೆಂದು ಇವನಿಗೂ ಗೊತ್ತಾಯಿತು.

ವೆಂಕಟಸ್ವಾಮಿ ಬಲಗೈಯ ತೋರುಬೆರಳನ್ನು ತುಟಿಯ ಮೇಲಿಟ್ಟುಕೊಂಡ. ಸುಮ್ಮನಿರು ಅನ್ನುವಂತೆ ತಲೆಯಾಡಿಸಿ, ಹೊರಗೆ ಆನೆಯ ಕಡೆ ಕಣ್ಣು ತೋರಿಸಿದ.

ಅದನ್ನು ತಾನೇ ಮಾಡಿದನೆ ಎಂದು ಅವನಿಗೆ ಆಮೇಲೆ ಎಷ್ಟು ಹೊತ್ತಾದರೂ ನಂಬಲಾಗಲಿಲ್ಲ. ಆನೆಗಳು ಮೆಳೆಯೊಳಗೆ ಹೋದವು. ಇಂಜಿನ್ ಮತ್ತೆ ಶುರುವಾಯಿತು. ಎಲ್ಲರಿಗೂ ಒಮ್ಮೆಗೇ ಮಾತು ಬಂತು. "ಏನ್ ಗಾತ್ರ ಮಾರಾಯ, ನಮ್ ಬಾವಿ ಪಂಪ್‌ಹೌಸ್ ಅಷ್ಟು ಐತೆ," ಅಂದರು ಬೀಗರು. ಚಲುವರಾಜು ಹಿಂದಕ್ಕೆ ತಿರುಗಿ, "ಹೆಂಗಿತ್ತು ಮಾವ?" ಎಂದು ಕೇಳಿದ. ಕಿತ್ತಳೆಯ ನಾರು ಹಲ್ಲಿನ ಸಂದಿಯಲ್ಲಿತ್ತು. "ಬಹಳ ಚೆನ್ನಾಗಿತ್ತು," ಅಂದ ವೆಂಕಟಸ್ವಾಮಿ. ಅವನಿಗೆ ತನ್ನ ಬೆರಳು ವಾಸನೆ ಹೊಡೆಯುತ್ತಿದೆ ಅನ್ನಿಸಿತು. ಮೂಸಿ ನೋಡಿದ. ಬೀಗರ ವಾಂತಿಯ ವಾಸನೆ, ಅಷ್ಟೆ. ಅದಕ್ಕಿಂತ ಕೆಟ್ಟದ್ದಕ್ಕೆ ವಾಸನೆಯಿರುವುದಿಲ್ಲ ಅಂದುಕೊಂಡು, ಇಂಥ ಹೊತ್ತಿನಲ್ಲೂ ದೊಡ್ಡ ಮಾತು ಹೊಳೆಯುತ್ತಲ್ಲ ನನಗೆ ಎಂದು ತನ್ನ ಮೇಲೇ ಉಗಿಯಬೇಕೆನಿಸಿತು.

ಬಂಡೀಪುರದಲ್ಲಿ ಕೈಕಾಲು ತೊಳೆಯಲೆಂದು ವ್ಯಾನು ನಿಂತಿತು. ನಲ್ಲಿಯ ಹತ್ತಿರ ವೆಂಕಟಸ್ವಾಮಿ ಪ್ಯಾಂಟನ್ನು ತಿಕ್ಕಿ ತಿಕ್ಕಿ ತೊಳೆದ, ಕರ್ಚೀಫನ್ನು ಹಿಂಡಿದ. ನೆರಳಲ್ಲಿ ಬೀಗರು ಎಲೆಯಡಿಕೆ ಮಡಚುತ್ತಿದ್ದರು. ಪ್ರಾಣಿಗಳಿಗೆ ತಿನಿಸು ಕೊಡಬಾರದು ಎಂಬ ಬೋರ್ಡಿನ ಪಕ್ಕದ ಮೋರಿಕಟ್ಟೆಯ ಮೇಲೆ ಸರಸ್ವತಿ ಒಬ್ಬಳೇ ಕೂತಿದ್ದಳು. ತನ್ನ ಚೀಲದಿಂದ ಕೆಂಪು ರವಿಕೆ ಕಣದ ಗಂಟೊಂದನ್ನು ತೆಗೆದು ತೊಡೆಯ ಮೇಲಿಟ್ಟು ಬಿಚ್ಚಿದಳು. ಒಳಗೆ ಅಕ್ಕಿ, ಕೊಬ್ಬರಿ, ಬೆಲ್ಲದಚ್ಚು, ಅರಿಶಿನದ ಕೊಂಬು. ಒಂದು ಹಿಡಿ ಅಕ್ಕಿ ತೆಗೆದು ಎದುರಿಗಿದ್ದ ಕೋತಿಗಳ ಕಡೆ ಎರಚಿದಳು. ಮರದಿಂದ ಇನ್ನೂ ನಾಲ್ಕು ಇಳಿದವು. ಇನ್ನೊಂದು ಹಿಡಿ ಎರಚಿದಳು. ಅವಸರವಿರಲಿಲ್ಲ ಅವಳಿಗೆ, ಅಂಗಳದಲ್ಲಿ ಕೋಳಿಗೆ ಹಾಕುವವಳ ಹಾಗೆ.

ಮೊದಲು ನೋಡಿದವಳು ಲಕ್ಷ್ಮಮ್ಮ. "ಏ ಸರಸು, ಅದನ್ಯಾಕೆ ಬಿಚ್ಚಿದೆ? ಮಡಿಲಕ್ಕಿ ಕಣೇ ಅದು," ಎಂದು ಓಡಿಬಂದಳು. ಅಂದ ಮೇಲೆ ಬಾಯಿಗೆ ಸೆರಗು ಹಿಡಿದುಕೊಂಡಳು.

"ಗೊತ್ತು ಕಣಮ್ಮ," ಅಂದಳು ಸರಸ್ವತಿ.

"ಏನು ಗೊತ್ತು?"

"ನಿನ್ನೆ ಬೆಳಿಗ್ಗೆ ಹೊಸಿಲ ಹತ್ರ ಮಣೆ ಮೇಲೆ ನಿಲ್ಸಿ ತುಂಬಿದ್ಯಲ್ಲ. ಕಾಡುದಾರಿ, ಒಳ್ಳೇದಾಗ್ಲಿ ಅಂತ ತುಂಬ್ತಿದ್ದೀನಿ ಅಂದೆ. ಕಾಡುದಾರಿಗೆ ಯಾರಾದ್ರೂ ಮಡಿಲು ತುಂಬ್ತಾರಾ? ಗಂಡನ ಮನೆಗೆ ಕಳಿಸೋವಾಗ ತಾನೆ ತುಂಬೋದು. ಎಂಟು ವರ್ಷದ ಹುಡುಗೀಗೂ ಗೊತ್ತಿರುತ್ತೆ."

ಲಕ್ಷ್ಮಮ್ಮ ಗಂಡನ ಕಡೆ ನೋಡಿದಳು. ಮಡಿಲು ತುಂಬದೆ ಹೆಣ್ಣುಮಗಳನ್ನು ಕಳಿಸಿದರೆ ತವರಿಗೆ ಏಳಿಗೆಯಿಲ್ಲ ಎಂದು ಅವಳೇ ಹಟ ಮಾಡಿದ್ದು. ಗುಟ್ಟು ಬಯಲಾಗುತ್ತಲ್ಲೇ ಎಂದು ಇವನು ಅಂದಿದ್ದಕ್ಕೆ, ಅವಳಿಗೆಲ್ಲಿ ತಿಳಿಯುತ್ತೆ ಬಿಡಿ, ಏನಾದ್ರೂ ಹೇಳ್ತೀನಿ ಅಂದಿದ್ದಳು. ಮೋಸ ಮಾಡುವಾಗಲೂ ಶಾಸ್ತ್ರ ತಪ್ಪಬಾರದು ನಮ್ಮಂಥ ಜನಕ್ಕೆ. ಇವನು ಪಕ್ಕದಲ್ಲಿ ನಿಂತು ತಟ್ಟೆ ಹಿಡಿದುಕೊಂಡಿದ್ದ. ಮಗಳು ಸೆರಗೊಡ್ಡಿ, ತಲೆ ತಗ್ಗಿಸಿ, ಐದು ಸಲವೂ ಸುಮ್ಮನೆ ತುಂಬಿಸಿಕೊಂಡಿದ್ದಳು. ಪಾಪ, ಏನೂ ತಿಳಿಯಲಿಲ್ಲ ಎಂದು ಗಂಡ ಹೆಂಡತಿ ಅಡಿಗೆಮನೆಯಲ್ಲಿ ಮಾತಾಡಿಕೊಂಡಿದ್ದರು. ಹಾಗಾದರೆ ಎಲ್ಲ ತಿಳಿದೇ ಬಂದಳು. ತಿಳಿದೂ ವ್ಯಾನು ಹತ್ತಿದಳು, ಬೊಟಾನಿಕಲ್ ಗಾರ್ಡನ್ನಿನಲ್ಲಿ ಗಂಡನ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು. ಅಪ್ಪ ಇವತ್ತು ಬಾಯಿ ಬಿಟ್ಟಾನು, ನಾಳೆ ಬಿಟ್ಟಾನು, ಬೇಡ ಬನ್ನಿ ನನ್ನ ಮಗಳು ಎಲ್ಲಿಗೂ ಬರುವುದಿಲ್ಲ ಅಂದಾನು ಎಂದು ಕಾದಳು. ವೆಂಕಟಸ್ವಾಮಿ ಹಿಂಡಿದ್ದ ಕರ್ಚೀಫನ್ನೇ ಮತ್ತೊಮ್ಮೆ ಹಿಂಡಿದ.

ಅಷ್ಟರಲ್ಲಿ ಮುನಿವೆಂಕಟಮ್ಮ ಬಂದಿದ್ದರು. "ನಮ್ಮನೇಲಿ ಅಕ್ಕಿಗೇನು ಬರ ಇಲ್ಲ ಕಣಮ್ಮ, ಕೋತಿಗಾದ್ರೂ ಹಾಕು, ಕಾಗೇಗಾದ್ರೂ ಹಾಕು. ಆದ್ರೆ ತವರಿನ ಅಕ್ಕೀನೇ ದಾರೀಲಿ ಚೆಲ್ಲೋಳು ನಾಳೆ ನಮ್ಮನೇಲಿ ಏನೇನ್ ಚೆಲ್ತಾಳೋ," ಅಂದರು. ಚಲುವರಾಜು ಸಿಗರೇಟು ಎಸೆದು ಎರಡು ಹೆಜ್ಜೆ ಮುಂದೆ ಬಂದ. ಚಿಕ್ಕಬೈರಪ್ಪ ಅವನನ್ನು ಕಣ್ಣಲ್ಲೇ ತಡೆದು, "ಚಿಕ್ಕುಡುಗಿ, ಆಟ ಆಡ್ತದೆ. ಬಾ ಮಗ, ಬಿಸ್ಲು," ಅಂದರು. ಬೀಗರ ದೊಡ್ಡತನ ಅದು, ಎಲ್ಲರೂ ಮೆಚ್ಚಬೇಕಾದ್ದು. ಸರಸ್ವತಿ ಅವರ ಯಾರ ಕಡೆಗೂ ನೋಡಲಿಲ್ಲ.

"ಅಪ್ಪ," ಅಂದಳು. "ಇವತ್ತು ನನ್ನ ಎಲ್ಲಿ ಇಳಿಸ್ತೀಯ?"

ಎಲ್ಲರೂ ಅವನನ್ನು ನೋಡಿದರು. ಒದ್ದೆ ಪ್ಯಾಂಟು ತೊಡೆಗೆ ಅಂಟಿಕೊಂಡಿತ್ತು. ಒಂದು ಮಾತು ಸಾಕಿತ್ತು, ನಮ್ಮನೇಲಿ ಅಂತ. ಆ ಮಾತು ಅವನ ಗಂಟಲಲ್ಲಿತ್ತು ಕೂಡ. ಬೀಗರು ಸುಣ್ಣ ಹಚ್ಚುವುದನ್ನು ನಿಲ್ಲಿಸಿದ್ದರು. ನಾಳೆ ಬೀದಿಯಲ್ಲಿ ಏನಂತಾರೆ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ, ಎರಡು ದಿನ ಅವರ ಖರ್ಚಿನಲ್ಲಿ ತಿಂದು ತೇಗಿ ಮಗಳನ್ನು ವಾಪಸು ಎಳ್ಕೊಂಡು ಹೋದ ಅಂತಾರೆ.

"ಮೊದ್ಲು ಬೆಂಗಳೂರು ತಲುಪೋಣ ಬಾಮ್ಮ," ಅಂದ ವೆಂಕಟಸ್ವಾಮಿ. "ಎಲ್ಲಾ ಮಾತಾಡೋಣ."

ಸರಸ್ವತಿ ಗಂಟು ಕಟ್ಟಿದಳು. ಅರ್ಧಕ್ಕಿಂತ ಹೆಚ್ಚು ಅಕ್ಕಿ ಉಳಿದಿತ್ತು. ಅದನ್ನು ಚೀಲದೊಳಗಿಟ್ಟು, ಕೈ ಕೊಡವಿಕೊಂಡು, ಎಲ್ಲರಿಗಿಂತ ಮೊದಲು ಹೋಗಿ ತನ್ನ ಸೀಟಿನಲ್ಲಿ ಕೂತಳು.

ಆಮೇಲಿನ ದಾರಿಯೆಲ್ಲ ವೆಂಕಟಸ್ವಾಮಿ ಮಾತಾಡುತ್ತಲೇ ಇದ್ದ, ಮನಸ್ಸಿನಲ್ಲಿ. ಗುಂಡ್ಲುಪೇಟೆ ಬರಲಿ, ಟೀ ಕುಡಿಯುವಾಗ ಬೀಗರನ್ನು ಪಕ್ಕಕ್ಕೆ ಕರೆದು ಹೇಳುತ್ತೇನೆ. ಗುಂಡ್ಲುಪೇಟೆ ಬಂತು. ಬೀಗರು ಟೀ ಬದಲು ಸೋಡಾ ಕುಡಿದರು, ಇವನು ಬಾಟಲಿ ಹಿಡಿದುಕೊಂಡ. ಮೈಸೂರು ದಾಟಲಿ ಅಂದುಕೊಂಡ. ಮೈಸೂರು ದಾಟುವಾಗ ಬೀಗರು ಇವನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ತೆರೆದ ಬಾಯಿಂದ ಎಲೆಯಡಿಕೆಯ ಜೊಲ್ಲು ಇವನ ಷರಟಿನ ತೋಳಿಗೆ ಇಳಿಯುತ್ತಿತ್ತು. ಎಬ್ಬಿಸಿ ಹೇಳುವ ಮಾತೇ ಇದು? ಏಳಲಿ, ತಾವಾಗಿಯೇ ಏಳಲಿ. ಹೆಗಲು ಜೋಮು ಹಿಡಿದರೂ ಅವನು ಅಲುಗಾಡಲಿಲ್ಲ. ಅಲುಗಾಡದೆ ಕೂತ ತನ್ನ ಭುಜ, ಆ ಜೊಲ್ಲು, ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ ಹೆಂಡತಿ, ಕಾಲ ಬಳಿ ಒಣಗಿ ಮುರುಟಿದ ಕಿತ್ತಳೆ ಸಿಪ್ಪೆ, ಎಲ್ಲದರ ಮೇಲೂ ಸಮಸಮವಾಗಿ ಹೇಸಿಗೆಯಾಯಿತು. ಮಂಡ್ಯದ ಗದ್ದೆಗಳು ಹೋದವು, ರಾಮನಗರದ ಬಂಡೆಗಳು ಹೋದವು. ಕಾಡಿನಲ್ಲಿ ಆಗದಿದ್ದದ್ದು ಈ ಬಯಲಲ್ಲಿ ಆಗುತ್ತದೆಯೇ? ಕಾಡಿನಲ್ಲಾದರೂ ಆನೆಯ ನೆಪವಿತ್ತು. ಸರಸ್ವತಿ ಒಮ್ಮೆಯೂ ಹಿಂದೆ ತಿರುಗಲಿಲ್ಲ. ಚಲುವರಾಜು ಅವಳ ಹೆಗಲ ಮೇಲೆ ಕೈ ಹಾಕಿದ್ದ, ಅವಳು ತೆಗೆಯಲೂ ಇಲ್ಲ.

ಬನಶಂಕರಿ ಬರುವಾಗ ದೀಪ ಹತ್ತಿದ್ದವು. ಜಯನಗರದ ದಾರಿಯಲ್ಲಿ ಜನ ಕೈಚೀಲ ಹಿಡಿದು ಸಂಜೆಯ ತರಕಾರಿ ತರುತ್ತಿದ್ದರು. ಎಲ್ಲ ನಿತ್ಯದ ಹಾಗೆ. ತಿಲಕ್ ನಗರಕ್ಕೆ ತಿರುಗುವ ಕಡೆ ಡ್ರೈವರು ನಿಧಾನ ಮಾಡಿದ. ಇವರ ಮನೆ ಮೊದಲು ಸಿಗುತ್ತದೆ, ಪಾಳ್ಯ ಆಮೇಲೆ. "ಎಲ್ಲಿಗ್ ಬಿಡ್ಲಿ ಸಾರ್ ಮೊದ್ಲು?" ಎಂದು ಕನ್ನಡಿಯಲ್ಲಿ ವೆಂಕಟಸ್ವಾಮಿಯನ್ನೇ ನೋಡಿ ಕೇಳಿದ. ಅವನಿಗೇನು ಗೊತ್ತು, ದಾರಿ ಕೇಳಿದ ಅಷ್ಟೆ. ಬೀಗರು ಎಚ್ಚರವಾಗಿಯೇ ಇದ್ದರು. ಎಡಕ್ಕೆ ಅಂದಿದ್ದರೆ ಸಾಕಿತ್ತು. ಜಗಳವಿಲ್ಲ, ರಂಪವಿಲ್ಲ. ವ್ಯಾನು ಎಡಕ್ಕೆ ತಿರುಗುತ್ತಿತ್ತು, ಮೂರು ಜನ ಇಳಿದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಮುಂದಿನ ಸೀಟಿನಲ್ಲಿ ಸರಸ್ವತಿ ತಲೆಯನ್ನು ಸ್ವಲ್ಪ ವಾಲಿಸಿದಳು. ಕೇಳುವ ಕಿವಿ ಹಿಂದಕ್ಕೆ ಬರುವ ಹಾಗೆ.

"ಪಾಳ್ಯಕ್ಕೇ ನಡೀಪ್ಪ," ಅಂದ ವೆಂಕಟಸ್ವಾಮಿ. "ಬೀಗರಿಗೆ ಮೈ ಸರಿಯಿಲ್ಲ, ಮೊದ್ಲು ಅವ್ರು ಮಲಗ್ಲಿ." ಅಷ್ಟು ಚೆನ್ನಾದ ಕಾರಣ ಎಲ್ಲಿಂದ ಬಂತೋ, ನಾಲಿಗೆ ತೊದಲಲೂ ಇಲ್ಲ.

ಸುದ್ದಗುಂಟೆಪಾಳ್ಯದ ಮನೆಯ ಮುಂದೆ ಮುನಿವೆಂಕಟಮ್ಮ ಮೊದಲು ಇಳಿದು, ಸೊಸೆಗೆ ಆರತಿ ತರಲೆಂದು ಒಳಗೆ ಹೋದರು. ಬೀಗರು ನಡು ಹಿಡಿದುಕೊಂಡು ಇಳಿದರು. ಚಲುವರಾಜು ಚೀಲ ಎತ್ತಿಕೊಂಡ. ಬಾಡಿಗೆ ಮನೆಗಳ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು. ಲಕ್ಷ್ಮಮ್ಮ ಕಣ್ಣೊರೆಸಿಕೊಂಡು ಕೆಳಗಿಳಿದು ಮಗಳ ಕೆನ್ನೆ ಸವರಿದಳು. ಸರಸ್ವತಿ ಬಗ್ಗಿ ಅವಳ ಪಾದ ಮುಟ್ಟಿದಳು. ಶಾಸ್ತ್ರವಲ್ಲವೆ, ಗಂಡನ ಮನೆ ಸೇರುವಾಗ ಹೆತ್ತವರಿಗೆ ನಮಸ್ಕಾರ. ವೆಂಕಟಸ್ವಾಮಿಯೂ ಸೀಟಿನಿಂದ ಎದ್ದ. ಏನೇನೋ ಹೇಳಬೇಕೆಂದುಕೊಂಡ. ಹತ್ತಿರವೇ ಇದ್ದೀವಲ್ಲ ಅಂತ, ಭಾನುವಾರ ಬರ್ತೀನಿ ಅಂತ, ಚೆನ್ನಾಗಿರು ಅಂತ. ಒಂದು ಕಾಲು ಮೆಟ್ಟಿಲ ಮೇಲಿಟ್ಟ. ಸರಸ್ವತಿ ವ್ಯಾನಿನ ಬಾಗಿಲಿಗೆ ಅಡ್ಡ ಬಂದು ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಾರು ಹಾಕ್ಲಾ ಎಂದು ಕೇಳುವಾಗ ಇದ್ದ ದನಿಯೇ.

"ನೀನು ಇಳೀಬೇಡ ಅಪ್ಪ," ಅಂದಳು. "ಇಳಿದ್ರೆ ನಿನ್ನ ಕಾಲಿಗೆ ಬೀಳ್ಬೇಕಾಗುತ್ತೆ."

ಅಂದು ತಿರುಗಿ ಆರತಿಯ ಕಡೆಗೆ ನಡೆದಳು. ಲಕ್ಷ್ಮಮ್ಮ ಹತ್ತಿ ಕೂತು, "ಏನಂದ್ಲು?" ಎಂದು ಕೇಳಿದಳು. ವೆಂಕಟಸ್ವಾಮಿ ಮೆಟ್ಟಿಲ ಮೇಲಿಟ್ಟಿದ್ದ ಕಾಲನ್ನು ಒಳಗೆ ತೆಗೆದುಕೊಂಡ. "ಬಾಗ್ಲು ಎಳ್ಕೊಳ್ಳಿ ಸಾರ್," ಅಂದ ಡ್ರೈವರು. ಅವನು ಎಳೆದುಕೊಂಡ. ಸರಿಯಾಗಿ ಕೂರಲಿಲ್ಲವೆಂದು ತೆಗೆದು ಇನ್ನೊಮ್ಮೆ ಜೋರಾಗಿ ಎಳೆದುಕೊಂಡ.